ಕನ್ನಡಕ ತೋರಿಸುವ ದಾರಿ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೋರ್ವಳ ತಾಯಿಯವರು ನನ್ನನ್ನು ಕಾಣಬಂದಿದ್ದರು. ಮಗಳು ಯಂತ್ರಭಾಗಗಳನ್ನು ಜೋಡಿಸುವ ಕಾರ್ಖಾನೆಯೊಂದರಲ್ಲಿ ತರಬೇತಿಗೆ ಸೇರಿರುವಳೆಂದೂ, ಅಲ್ಲಿ ಕನ್ನಡಕದಂಥ ಸಾಧನವನ್ನು ಧರಿಸಿದರೆ ಯಾವ ಭಾಗವನ್ನು ಎಲ್ಲಿ ಕೂಡಿಸಬೇಕೆಂಬುದು ಕಣ್ಣೆದುರಿಗೇ ತೋರುವುದೆಂದೂ ತಿಳಿಸಿ, “ಎಲ್ಲವನ್ನೂ ಕನ್ನಡಕವೇ ಹೇಳಿಕೊಟ್ಟರೆ ನನ್ನ ಮಗಳು ಕಲಿಯುವುದೇನು, ಟೀಚರಮ್ಮಾ?” ಎಂದು ಕೇಳಿದರು. ಇದು ಕಲಿಸುವವರೆಲ್ಲರೂ ಯೋಚಿಸತಕ್ಕ ಪ್ರಶ್ನೆಯಾದಕಾರಣ ಇಲ್ಲಿ ನಾಲ್ಕು ಮಾತು ಬರೆಯುತ್ತೇನೆ.

ಈ ವಿದ್ಯೆಗೆ ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ವರ್ಧಿತ ವಾಸ್ತವ, ಎಂದು ಹೆಸರು. ಅಮೆರಿಕದ ಬೋಯಿಂಗ್ ವಿಮಾನ ಸಂಸ್ಥೆಯ ಟಾಮ್ ಕಾಡೆಲ್, ಡೇವಿಡ್ ಮಿಜೆಲ್ ಎಂಬವರು 1992ರಲ್ಲಿ ಇದನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದರು. ವಿಮಾನದೊಳಗಿನ ತಂತಿಗಳನ್ನು ಕೆಲಸಗಾರರು ದೊಡ್ಡ ಹಲಗೆಗಳ ಮೇಲೆ, ಬರೆದಿಟ್ಟ ನಕ್ಷೆಯನ್ನನುಸರಿಸಿ, ಕೈಯಿಂದಲೇ ಹಾಸಿ ಕಟ್ಟಬೇಕಾಗಿತ್ತು. ಹಲಗೆಯು ಬರಿದಾಗಿಯೇ ಇರಲಿ, ತಲೆಗೆ ಧರಿಸಿದ ಪಾರದರ್ಶಕ ಸಾಧನವೇ ಮುಂದಿನ ತಂತಿಯ ದಾರಿಯನ್ನು ಅದರ ಮೇಲೆ ಬರೆದಂತೆ ತೋರಿಸಲಿ ಎಂಬುದು ಅವರ ಯೋಚನೆ. ಧರಿಸಿದವರು ತಲೆಯನ್ನು ಎಷ್ಟು ತಿರುಗಿಸಿದರೋ ಸಾಧನವು ಅದನ್ನು ಅಳೆದು ಗೆರೆಯನ್ನೂ ಅಷ್ಟೇ ಸರಿಸಬೇಕು. ತಪ್ಪಿದರೆ ಗೆರೆ ಒಂದು ಕಡೆ, ಹಲಗೆ ಒಂದು ಕಡೆ. ಕಷ್ಟವೆಲ್ಲ ಇದರಲ್ಲಿಯೇ ಇದೆ.

ನಮ್ಮ ಹೊಲಿಗೆಯ ತರಗತಿಯಲ್ಲಿ ಕುಳಿತವರಿಗೆ ಇದರ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕದ ಹೂವನ್ನು ನೋಡಿ, ಎಣಿಸಿ, ಪುನಃ ಬಟ್ಟೆಯ ಕಡೆಗೆ ತಿರುಗುವಷ್ಟರಲ್ಲಿ ಲೆಕ್ಕ ತಪ್ಪುವುದುಂಟು. ಅದೇ ಹೂವನ್ನು ಕಾರ್ಬನ್ ಕಾಗದದಿಂದ ಬಟ್ಟೆಯ ಮೇಲೆಯೇ ಇಳಿಸಿಕೊಟ್ಟರೆ ಸೂಜಿಗೆ ದಾರಿ ತಪ್ಪುವುದಿಲ್ಲ.

ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮುದ್ರಿತ ಸೂಚನೆ, ಪರದೆಯ ಮೇಲಿನ ಸೂಚನೆ, ವಸ್ತುವಿನ ಮೇಲೆಯೇ ತೋರುವ ಸೂಚನೆ ಇವುಗಳನ್ನು ಹೋಲಿಸಿ ನೋಡಿದ್ದರು. ಕಡೆಯ ವಿಧಾನದಿಂದ ಜೋಡಣೆಯ ತಪ್ಪುಗಳು ನೂರಕ್ಕೆ 82ರಷ್ಟು ಕಡಿಮೆಯಾದುವು. ಅದರಲ್ಲಿಯೂ ಹಿಂದಿನ ತಪ್ಪಿನಿಂದ ಹುಟ್ಟುವ ಮುಂದಿನ ತಪ್ಪುಗಳು ಬಹಳವಾಗಿ ತಗ್ಗಿದುವು. (ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದರೆ ಏನಾಗುವುದೆಂಬುದನ್ನು ನೀವು ಬಲ್ಲಿರಿ.) ಕೆಲಸ ಮಾಡಿದವರ ಬುದ್ಧಿಶ್ರಮವೂ ಕಡಿಮೆಯಾಯಿತು, ಮನಸ್ಸು ಮಾಡತಕ್ಕ ಲೆಕ್ಕದಲ್ಲಿ ಒಂದು ಪಾಲನ್ನು ಯಂತ್ರವೇ ವಹಿಸಿಕೊಂಡಿತೆಂದು ಅವರು ಊಹಿಸಿದರು.

ಆ ತಾಯಿಯ ಭಯವೂ ಇದೇ ಅಲ್ಲವೇ? ವಿಮಾನದ ಕೆಲಸದಲ್ಲಿ ಒಂದು ತಪ್ಪೂ ಆಗಬಾರದಾದಕಾರಣ ಅಲ್ಲಿ ಶ್ರಮ ತಗ್ಗಿದರೆ ಒಳ್ಳೆಯದೇ. ಕಲಿಯುವವಳಿಗಾದರೋ ಆ ಶ್ರಮದಲ್ಲಿಯೇ ಕಲಿಕೆಯಿದೆ. ಬಾಣದ ಗುರುತಿನಲ್ಲಿಯೇ ದೃಷ್ಟಿ ನೆಟ್ಟವಳಿಗೆ ಪಕ್ಕದ ಸಡಿಲವಾದ ತಿರುಪು ಕಾಣದಿರಲೂಬಹುದು. ಆದುದರಿಂದ ಸಾಧನವನ್ನು ನಾನು ಬೇಡವೆನ್ನಲಾರೆ. ಅದನ್ನು ಮೆಲ್ಲಮೆಲ್ಲನೆ ಹಿಂದೆಗೆಯಬೇಕೆನ್ನುತ್ತೇನೆ. ಮೊದಲನೆಯ ಹೂವಿಗೆ ಪೂರ್ಣ ಗೆರೆ, ಎರಡನೆಯದಕ್ಕೆ ಚುಕ್ಕೆಗಳು, ಮೂರನೆಯದಕ್ಕೆ ಬರಿಯ ಬಟ್ಟೆ ಕೊಡುವಂತೆ, ತರಬೇತಿಯಲ್ಲಿಯೂ ಮೊದಲು ಎಲ್ಲವನ್ನೂ ತೋರಿಸಿ, ಕಡೆಗೆ ಅವಳು ಕೇಳಿದಾಗ ಮಾತ್ರ ತೋರಿಸುವುದು ಯುಕ್ತ.

ಮಗಳು ಸಂಜೆ ಮನೆಗೆ ಬಂದಾಗ ಆ ದಿನದ ಜೋಡಣೆಯ ಕ್ರಮವನ್ನು ಕನ್ನಡಕವಿಲ್ಲದೆ ಹೇಳಿಸಿ ನೋಡಿರೆಂದು ಆ ತಾಯಿಗೆ ಹೇಳಿ ಕಳುಹಿಸಿದೆನು. ಹದಿನೈದು ದಿವಸಗಳ ಮೇಲೆ ಅವರಿಂದ ಪತ್ರ ಬಂದಿತು. ಹನ್ನೊಂದು ಮೆಟ್ಟಿಲುಗಳಲ್ಲಿ ಹತ್ತನ್ನು ಮಗಳು ಸರಿಯಾಗಿ ಹೇಳಿದಳಂತೆ. ಏಳನೆಯದು ಏಕೆ ಆರನೆಯದರ ಮುಂಚೆ ಬರಬಾರದೆಂಬುದು ಮಾತ್ರ ತಿಳಿಯದೆ, ಮರುದಿನ ಮೇಸ್ತ್ರಿಯವರನ್ನೇ ಕೇಳಿದಳಂತೆ.