ಅಕ್ಕಡಿ ಸಾಲು ಮರೆಯಬೇಡ

ಪುಟ್ಟಿ, ಮಗುವಿಗೆ ಐದು ತಿಂಗಳಾಗುತ್ತಾ ಬಂತು. ಇನ್ನೇನು ನಿಮ್ಮತ್ತೆ ಮಾಗಡಿ ಕಡೆಯಿಂದ ರಾಗಿ ಸರಿಯ ಡಬ್ಬ ಹಿಡಿದು ಚಾಮರಾಜಪೇಟೆಗೆ ಬಂದಿಳಿಯುತ್ತಾರೆ. ನೀನು ಫೋನಿನಲ್ಲಿ ಓದಿದ್ದನ್ನೇ ವೇದ ಅಂತ ಕೂತಿರುತ್ತೀಯ. ಅವರು ಬರುವುದರೊಳಗೆ ನಾನು ನಾಲ್ಕು ಮಾತು ಹೇಳಿಬಿಡುತ್ತೇನೆ, ಕೇಳು.

ಮೊದಲು ಅನ್ನಪ್ರಾಶನದ ವಿಷಯ. ಗಂಡಿಗೆ ಸಮ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಅನ್ನುವ ರೂಢಿ ಇದೆಯಲ್ಲ, ನಿನ್ನದು ಹೆಣ್ಣಾದ್ದರಿಂದ ಐದರಲ್ಲೇ ಮಾಡಿ ಮುಗಿಸೋಣ ಅಂತಾರೆ. ಆರು ತಿಂಗಳು ತುಂಬುವವರೆಗೆ ತಾಯಿಹಾಲು ಬಿಟ್ಟು ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ನಿನ್ನ ಡಾಕ್ಟರೂ ಅದನ್ನೇ ಹೇಳಿರುತ್ತಾರೆ. ಇದಕ್ಕೆ ವಾದ ಮಾಡಬೇಡ. ಏಳೂ ಬೆಸವೇ ತಾನೆ? ಆರು ತುಂಬಿ ಏಳಕ್ಕೆ ಬಿದ್ದಾಗ ಮಾಡಿದರೆ ಶಾಸ್ತ್ರವೂ ಉಳಿಯಿತು, ಡಾಕ್ಟರ ಮಾತೂ ಉಳಿಯಿತು. ಪಂಚಾಂಗ ನೋಡುವವರಿಗೆ ಮೊದಲೇ ಒಂದು ಮಾತು ಹಾಕಿಡು. ಅವತ್ತು ಯಾರಾದರೂ ನಾಲಿಗೆಗೆ ಜೇನು ಹಚ್ಚಲು ಬಂದರೆ ಮಾತ್ರ ಕೈ ಅಡ್ಡ ಹಿಡಿ. ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ವಿಷ ಮಾಡುತ್ತೆ. ಆ ಕ್ಷಣಕ್ಕೆ ನಿನ್ನನ್ನು ಜಂಬಗಾತಿ ಅಂದರೂ ಅನ್ನಲಿ.

ರಾಗಿ ಸರಿಯ ಡಬ್ಬವನ್ನು ಮಾತ್ರ ಎರಡು ಕೈಯಲ್ಲಿ ಇಸಿದುಕೋ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವ ಹಾಗೆ ಹುರಿದು, ಬೀಸಿ, ತೆಳು ಪಂಚೆಯಲ್ಲಿ ಸೋಸುವ ಆ ಕೆಲಸ ಸಾಮಾನ್ಯದ್ದಲ್ಲ. ಮೊಳಕೆ ಬಂದಾಗ ಕಾಳಿನೊಳಗಿನ ಪಿಷ್ಟ ಒಡೆಯುತ್ತೆ, ಹಾಗಾಗಿ ಹಿಟ್ಟು ಒಂದು ಚಮಚ ಹೆಚ್ಚು ಬಿದ್ದರೂ ಸರಿ ಗಂಟಲಿಗೆ ಅಂಟುವ ಹಾಗೆ ಗಟ್ಟಿಯಾಗುವುದಿಲ್ಲ. ಆ ವಯಸ್ಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಒಂದು ಲೋಟದಷ್ಟು. ಅಷ್ಟನ್ನೂ ನೀರಾದ ಗಂಜಿಯಲ್ಲಿ ತುಂಬಿಸಿದರೆ ಮಗು ಹೊಟ್ಟೆ ತುಂಬಿ ಮಲಗುತ್ತೆ, ಮೈಗೆ ಏನೂ ಹತ್ತುವುದಿಲ್ಲ. ಕಬ್ಬಿಣದಂಶವನ್ನು ಮೈಗೆ ಸೇರಗೊಡದ ಫೈಟೇಟ್ ಅನ್ನುವ ಅಂಶವೂ ಮೊಳಕೆಯಲ್ಲಿ ಇಳಿಯುತ್ತೆ. ಇದನ್ನೆಲ್ಲ ನಮ್ಮ ಅಜ್ಜಿಯರು ಓದಿ ಮಾಡಲಿಲ್ಲ, ಮಾಡಿ ಮಾಡಿ ಕಂಡುಕೊಂಡರು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು ಅಷ್ಟೆ. ಆದರೆ ಬಟ್ಟೆಯಲ್ಲಿ ಸೋಸಿ ಸೋಸಿ ಹಿಟ್ಟನ್ನು ಬೆಳ್ಳಗೆ ಮಾಡಿದಷ್ಟೂ ಸಿಪ್ಪೆಯ ಜೊತೆ ಅದೂ ಆಚೆ ಹೋಗುತ್ತೆ. ಮೊದಮೊದಲು ನುಣ್ಣಗಿರಲಿ, ಮಗು ಕೂತು ತಿನ್ನುವ ಹೊತ್ತಿಗೆ ಮಾಮೂಲಿ ಜರಡಿ ಸಾಕು. ತುಪ್ಪ ಹಾಕು. ಬೆಲ್ಲ, ಉಪ್ಪು ಒಂದು ವರ್ಷ ಆಚೆಗಿರಲಿ.

ಇಷ್ಟು ಹೇಳಿದ ಮೇಲೂ ರಾಗಿ ಸರಿ ಒಂದರಿಂದಲೇ ಮಗು ಬೆಳೆಯುತ್ತೆ ಅಂತ ನಂಬಬೇಡ. ನಿಮ್ಮ ಮಾವನ ಹೊಲದ ಹಳೇ ಕಾಲ ಕೇಳಿ ನೋಡು. ರಾಗಿ ಹೊಲದಲ್ಲಿ ರಾಗಿ ಮಾತ್ರ ಇರುತ್ತಿರಲಿಲ್ಲ. ಕೆಲವು ಸಾಲಿಗೊಂದು ಅಕ್ಕಡಿ ಸಾಲು, ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ನಡುವೆ ತಾನಾಗಿ ಹುಟ್ಟುವ ಅಣ್ಣೆ ಸೊಪ್ಪು, ಗೋಣಿ ಸೊಪ್ಪು. ಕಳೆ ಕೀಳಲು ಹೋದ ಹೆಂಗಸರು ಮಡಿಲಲ್ಲಿ ಬೆರಕೆ ಸೊಪ್ಪು ತುಂಬಿಕೊಂಡೇ ಮನೆಗೆ ಬರುತ್ತಿದ್ದರು. ಮುದ್ದೆಯ ಜೊತೆ ಬಸ್ಸಾರು, ಮಸ್ಸೊಪ್ಪು ಹಾಗೆ ಬಂದದ್ದು. ಮಗುವಿನ ತಟ್ಟೆಯೂ ಹಾಗೇ ಇರಬೇಕು ಕಣಮ್ಮ, ರಾಗಿಯ ಪಕ್ಕದಲ್ಲಿ ಅಕ್ಕಡಿ ಸಾಲು. ಪೇಟೆಗೆ ಬಂದ ನಾವು ರಾಗಿಯ ಡಬ್ಬ ಮಾತ್ರ ತಂದೆವು, ಸಾಲನ್ನು ಅಲ್ಲೇ ಬಿಟ್ಟೆವು. ಅಲ್ಲಿದ್ದವರಾದರೂ ಉಳಿಸಿಕೊಂಡರೇ ಅಂದರೆ, ಕಳೆನಾಶಕ ಹೊಡೆದ ಹೊಲದಲ್ಲಿ ಬೆರಕೆ ಸೊಪ್ಪು ಎಲ್ಲಿಂದ ಬರಬೇಕು?

ಇನ್ನೊಂದು ಮಾತು, ಬಸವನಗುಡಿಯಲ್ಲಿ ಇಷ್ಟು ವರ್ಷ ಬಾಳಿದವಳಾಗಿ ಹೇಳಲೇಬೇಕಾದದ್ದು. ಚಳಿಗಾಲದಲ್ಲಿ ಅವರೆಬೇಳೆ ಮೇಳಕ್ಕೆ ಹೋಗಿ ಹಿತಕಿದ ಬೇಳೆಯ ದೋಸೆ ತಿಂದು ಬರುತ್ತೇವಲ್ಲ, ಆ ಸೊಗಡಿನ ಅವರೆ ಎಲ್ಲಿಂದ ಬರುತ್ತೆ? ಮಾಗಡಿ ಕಡೆಯಿಂದಲೂ ಬರುತ್ತೆ. ಕಾರ್ತಿಕದ ಕಡೇ ಸೋಮವಾರ ದೊಡ್ಡ ಬಸವಣ್ಣನ ಗುಡಿ ಮುಂದೆ ರಾಶಿ ಬೀಳುವ ಕಡಲೆಕಾಯಿ ಒಂದು ಕಾಲದಲ್ಲಿ ಇಲ್ಲೇ ಸುಂಕೇನಹಳ್ಳಿಯ ಹೊಲದ್ದು. ಈಗ ದೂರದೂರದ ರೈತರು ತರುತ್ತಾರೆ. ಬೆಳೆದವರ ಮನೆಯಲ್ಲಿ ನೋಡು, ಬೆಳಿಗ್ಗೆ ಕರೆದ ಹಾಲು ಡೇರಿಗೆ, ಕೋಳಿ ಇಟ್ಟ ಮೊಟ್ಟೆ ಅಂಗಡಿಗೆ, ಅವರೆ ಮಂಡಿಗೆ. ತಪ್ಪು ಅನ್ನಲಾರೆ, ಫೀಸು ಕಟ್ಟಬೇಕು, ಸಾಲ ತೀರಿಸಬೇಕು. ಆದರೆ ಅದೇ ಮನೆಯ ಮಗುವಿನ ಕೈಯಲ್ಲಿ ಸಂಜೆಗೆ ಐದು ರೂಪಾಯಿಯ ಬಿಸ್ಕೆಟ್ ಪೊಟ್ಟಣ. ತಾಯಿ ಹೊಲಕ್ಕೆ ಹೋದಾಗ ಮಗು ಅಳದಿರಲಿ ಅಂತ ಕೊಡುವುದದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡು: ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತ ಸಾಲದು. ಬರೀ ಬಡತನ ಅಂದುಕೊಂಡು ಸುಮ್ಮನಾಗಬೇಡ. ಮನೆಯಲ್ಲಿ ಇರುವುದನ್ನೂ ಮಗುವಿಗೆ ಕೊಡದ ಅಭ್ಯಾಸಗಳಿವೆ.

ಬಾಳೆಹಣ್ಣು ಶೀತ, ಪರಂಗಿಹಣ್ಣು ಉಷ್ಣ, ಕಡಲೆಕಾಯಿ ಪಿತ್ತ, ಸೊಪ್ಪು ತಿಂದರೆ ಭೇದಿ, ಬೇಳೆ ವಾಯು. ಇಷ್ಟನ್ನೂ ಒಟ್ಟಿಗೆ ಪಾಲಿಸಿದರೆ ಮಗುವಿಗೆ ಉಳಿಯುವುದು ಅನ್ನದ ತಿಳಿ. ಭೇದಿಯಾದಾಗ ಊಟ ನಿಲ್ಲಿಸುವುದಂತೂ ಬಲು ಕೆಟ್ಟದ್ದು. ಎದೆಹಾಲು, ಓಆರ್‌ಎಸ್, ಮೆತ್ತಗಿನ ಊಟ ಎಲ್ಲವೂ ನಡೆಯಬೇಕು, ವಾಸಿಯಾದ ಮೇಲೆ ಒಂದು ಹೊತ್ತು ಹೆಚ್ಚಿಗೆ ಕೊಡಬೇಕು. ಕಡಲೆಕಾಯಿಯನ್ನು ಇಡೀ ಬೀಜವಾಗಿ ಕೊಡಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಹುರಿದು ನುಣ್ಣಗೆ ಅರೆದು ಸರಿಗೆ ಕಲಸು. ಸೊಪ್ಪು ಬೇಯಿಸಿ ಮಸೆದಾಗ ಎರಡು ಹನಿ ನಿಂಬೆಹುಳಿ ಹಿಂಡು, ಅದರ ಕಬ್ಬಿಣ ಆಗ ಚೆನ್ನಾಗಿ ಹತ್ತುತ್ತೆ.

ಮೊಟ್ಟೆಯ ವಿಷಯ ನಿಧಾನವಾಗಿ ಹೇಳುತ್ತೇನೆ. ನಿಮ್ಮಲ್ಲಿ ತಿನ್ನುತ್ತೀರಿ, ನಮ್ಮಲ್ಲೂ ತಿನ್ನುತ್ತಿದ್ದರು. ಆದರೆ ನಾನು ಮದುವೆಯಾಗಿ ಬಂದಾಗ ಇದ್ದ ವಠಾರದಲ್ಲಿ ಮೊಟ್ಟೆ ಬೇಯಿಸುವ ಹಾಗಿರಲಿಲ್ಲ. ಮನೆ ಮಾಲೀಕರಿಗೆ ವಾಸನೆ ಹತ್ತಿದರೆ ಮನೆ ಖಾಲಿ ಮಾಡಬೇಕಾಗುತ್ತಿತ್ತು. ಹೀಗೆ ಊರಲ್ಲಿ ಮೊಟ್ಟೆ ತಿಂದು ಬೆಳೆದವರ ಮಕ್ಕಳು ಇಲ್ಲಿ ಮೊಟ್ಟೆಯಿಲ್ಲದೆ ಬೆಳೆದರು, ಅದಕ್ಕೆ ಬದಲಾಗಿ ಬೇಳೆಯನ್ನೂ ಹೆಚ್ಚಿಸಲಿಲ್ಲ. ಬೇರೆಯವರ ಮಡಿಯನ್ನು ಬಾಡಿಗೆಗೆ ತಂದ ಹಾಗಾಯಿತು! 2021ರಲ್ಲಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಎಷ್ಟು ಗದ್ದಲ ಎಬ್ಬಿಸಿದರು, ನೆನಪಿದೆಯಲ್ಲ. ತಿನ್ನದವರು ತಿನ್ನದಿರಲಿ, ಬೇಳೆ, ಮೊಸರು ಹೆಚ್ಚಿಸಿಕೊಳ್ಳಲಿ. ತಿನ್ನುವವರ ಮಗುವಿನ ಬಾಯಿಂದ ಯಾಕೆ ಕಿತ್ತುಕೊಳ್ಳಬೇಕು? ನಿನ್ನ ಮಗುವಿಗೆ ಏಳನೇ ತಿಂಗಳಿಂದಲೇ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಸ್ವಲ್ಪಸ್ವಲ್ಪ ಕೊಡಬಹುದು. ಶ್ರಾವಣ, ಕಾರ್ತಿಕ ಸೋಮವಾರ ಅಂತ ದೊಡ್ಡವರು ಬಿಡಲಿ, ವ್ರತ ಹಿಡಿದವರು ನೀವು, ಕೂಸಲ್ಲ.

ನಿನ್ನ ವಾರಗಿತ್ತಿ ಊರಲ್ಲಿ ಬಸುರಿ ಅಂದೆಯಲ್ಲ, ಅವಳಿಗೂ ಎರಡು ಮಾತು ತಲುಪಿಸು. ಹೆರಿಗೆಯಾದ ತಕ್ಷಣದ ಹಳದಿ ಹಾಲನ್ನು ಹಿಂಡಿ ಚೆಲ್ಲಲು ಯಾರಿಗೂ ಬಿಡಬಾರದು, ಸಕ್ಕರೆ ನೀರು ಮುಟ್ಟಿಸಬಾರದು. ಬಾಣಂತನದಲ್ಲಿ ಸೊಪ್ಪು, ಬೇಳೆ ಬಿಡಿಸಿ, ನೀರನ್ನೂ ಅಳೆದು ಕೊಡುತ್ತಾರೆ. ಅದನ್ನು ಸಹಿಸಿಕೊಂಡು ಕೂರಬಾರದು. ಅಂಗನವಾಡಿಗೆ ಹೆಸರು ಬರೆಸಲಿ, ನಾಚಿಕೆ ಬೇಡ. ಈ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದಾಗ ಮೊದಲ ಕೆಲವೇ ಜಾಗಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಕೂಲಿಗೆ ಹೋಗುವ ತಾಯಂದಿರಿಗಾಗಿ ಪಂಚಾಯ್ತಿಗಳಲ್ಲಿ ಕೂಸಿನ ಮನೆ ತೆರೆದಿದ್ದಾರೆ, ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು. ಅವರ ಊರಿನಲ್ಲಿ ಇದೆಯೋ ಇಲ್ಲವೋ ವಿಚಾರಿಸಲಿ.

ಅತ್ತೆ ಬಂದಾಗ ಸರಿ ಮಾಡುವುದನ್ನು ಪಕ್ಕದಲ್ಲಿ ನಿಂತು ಕಲಿ. ಒಂದು ಚೀಲ ಒಣ ಅವರೆ, ಒಂದಿಷ್ಟು ತೊಗರಿಬೇಳೆ, ಸಿಕ್ಕಿದರೆ ಹುಚ್ಚೆಳ್ಳು ತರಲು ಈಗಲೇ ಫೋನ್ ಮಾಡು. ಸೊಪ್ಪಿಗೆ ಗಾಂಧಿ ಬಜಾರಿಗೆ ಬೆಳಿಗ್ಗೆಯೇ ಹೋಗು, ಹನ್ನೊಂದರ ಮೇಲೆ ಬಾಡಿದ್ದೇ ಸಿಗುವುದು.