ಅಗ್ಗದ ಕಾರು ಕೊಳ್ಳುವ ಮುನ್ನ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರೇ, ಮೇ ರಜೆಗೆ ಊರಿಗೆ ಹೋಗಿಬರಲು ಹಳೆಯ ಆಲ್ಟೊವೋ ಸ್ಯಾಂಟ್ರೊವೋ ಸಾಕೆಂದು ಹುಡುಕುತ್ತಿದ್ದೀರಾ? ಒಳ್ಳೆಯದೇ. ಆದರೆ ಹೊಳೆಯುವ ಬಣ್ಣಕ್ಕೆ ಮರುಳಾಗಿ ಮುಂಗಡ ಕೊಟ್ಟುಬಿಡಬೇಡಿ.

ನಮ್ಮದು ಮಳೆನೀರು ನಿಲ್ಲುವ ಸೀಮೆ. 2005ರ ಜುಲೈ 26ರಂದು ಮಾತ್ರವಲ್ಲ, 2019ರ ಮಳೆಗಾಲದಲ್ಲೂ ಉಲ್ಹಾಸ್ ನದಿ ಉಕ್ಕಿ ಕಲ್ಯಾಣದ ಆಸುಪಾಸು ನೀರು ನುಗ್ಗಿತ್ತು. ಹಾಗಾಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳತುದಿಯಲ್ಲಿ ಕೆಸರಿನ ಕಲೆ, ಸೀಟಿನಡಿಯ ಕಬ್ಬಿಣಕ್ಕೆ ತುಕ್ಕು ಕಂಡರೆ ಆ ಗಾಡಿ ನೀರು ಕುಡಿದಿರಬಹುದು. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಮೆಕ್ಯಾನಿಕ್ ನಿಮ್ಮ ಕಡೆಯವನಿರಲಿ, ಮಾರುವವನ ಕಡೆಯವನಲ್ಲ.

ಕಾಗದಪತ್ರದಲ್ಲಿ ದಾಕ್ಷಿಣ್ಯ ಬೇಡ. ಗಾಡಿಗೆ 15 ವರ್ಷ ತುಂಬಿದ್ದರೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕಾಗುತ್ತದೆ. ಇ-ಚಲನ್ ದಂಡ, ಬ್ಯಾಂಕ್ ಸಾಲ ತೀರಿದೆಯೇ ವಿಚಾರಿಸಿ. ಒಡೆತನ ವರ್ಗಾವಣೆಯ ಫಾರಂ 29, 30ಕ್ಕೆ ಮಾರುವವನ ಸಹಿ ಹಾಕಿಸಿಕೊಳ್ಳಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ವರ್ಗಾವಣೆಯಾದ 14 ದಿನಗಳೊಳಗೆ ಅರ್ಜಿ ಕೊಡಿ.

ಇದ್ದ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ಟೈರು, ಬ್ಯಾಟರಿ, ಬ್ರೇಕಿಗೆಂದು ಒಂದಿಷ್ಟು ಎತ್ತಿಡಿ. ಒಂದೆರಡು ತಿಂಗಳು ಇಲ್ಲೇ ಓಡಿಸಿ ನೋಡಿ, ಆಮೇಲೆ ಮಕ್ಕಳುಮರಿಯನ್ನು ಕೂರಿಸಿಕೊಂಡು ಘಟ್ಟದ ದಾರಿ ಹಿಡಿಯಿರಿ.