ಸಹಿಗೆ ಮುಂಚೆ ಮಹಜರು ಓದಿ: ಗಾಳಿಮಳೆಯ ಊರಿನವರಿಗೂ ಚಾರಣಿಗರಿಗೂ

ಹೋದ ಮಳೆಗಾಲದ ಒಂದು ಬೆಳಿಗ್ಗೆ ಅಜ್ಜಿಯೊಬ್ಬರು ನನ್ನ ವಕೀಲಿ ಕಚೇರಿಗೆ ಬಂದರು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟಿದ್ದ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದರು. ಅದು ಮಹಜರಿನ, ಅಂದರೆ ಅಧಿಕಾರಿ ಸ್ಥಳಕ್ಕೆ ಬಂದು ಹಾನಿ ನೋಡಿ ಬರೆಯುವ ವರದಿಯ, ಜೆರಾಕ್ಸ್. ಛಾವಣಿಯ ಸುಮಾರು 60 ಹೆಂಚು ಹಾರಿರುತ್ತವೆ, ಹಿಂಬದಿಯ ಮಣ್ಣಿನ ಗೋಡೆ ಬಿರುಕು ಬಿಟ್ಟಿರುತ್ತದೆ, ಹಾನಿ ಶೇ 20 ಎಂದು ಬರೆದಿತ್ತು. ಕೆಳಗೆ ಅಜ್ಜಿಯ ಹೆಬ್ಬೆಟ್ಟು. ಮಹಜರು ಬರೆದ ಐದನೇ ದಿನ ಆ ಗೋಡೆ ನೆನೆದು ಕುಸಿದಿತ್ತು, ಅದರ ಹಿಂದೆಯೇ ಮಾಡೂ ಬಿದ್ದಿತ್ತು. ಅಜ್ಜಿ ತಂಗಿಯ ಮನೆ ಸೇರಿದ್ದರು.

"ಇಲ್ಲಿ ಒತ್ತು ಅಂದ್ರು, ಒತ್ತಿದೆ ಸಾರ್. ಓದಿ ಹೇಳ್ಲಿಲ್ಲ."

ಆ ಒಂದು ಹೆಬ್ಬೆಟ್ಟಿನ ಬೆಲೆ ಎಷ್ಟೆಂದು ಲೆಕ್ಕ ಹಾಕಿ. ವಿಪತ್ತು ಪರಿಹಾರ ನಿಧಿಯಿಂದ ಕೊಡಲು 2022ರಿಂದ 2026ರ ಅವಧಿಗೆ ಕೇಂದ್ರ ಗೊತ್ತುಮಾಡಿದ ದರದ ಪ್ರಕಾರ, ಪೂರ್ತಿ ಅಥವಾ ತೀವ್ರವಾಗಿ ಹಾನಿಯಾದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡು ಪ್ರದೇಶವಾದರೆ 1.30 ಲಕ್ಷ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಹಾನಿ ಕನಿಷ್ಠ ಶೇ 15 ಇದ್ದರೆ ಮಾತ್ರ. ಅಜ್ಜಿಗೆ ಬರಬೇಕಾದದ್ದು ಲಕ್ಷದ ಮೇಲೆ, ಮಹಜರಿನ ಪ್ರಕಾರ ಸಿಗುವುದು ನಾಲ್ಕು ಸಾವಿರ.

ಪ್ರತಿ ವರ್ಷ ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಮಲೆನಾಡು, ಕೊಡಗು, ಕರಾವಳಿಯ ಜನ ಗಾಳಿಗೂ ಗುಡ್ಡಕ್ಕೂ ಹೆದರಿ ರಾತ್ರಿ ಕಳೆಯುತ್ತಾರೆ. 2018, 2019, 2020, ಸಾಲಾಗಿ ಮೂರು ಆಗಸ್ಟ್‌ಗಳಲ್ಲಿ ಕೊಡಗಿನಲ್ಲಿ ಬರೆ ಕುಸಿಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಂತು. ಆದರೂ ಟಾರ್ಪಾಲು, ಟಾರ್ಚು, ಅಕ್ಕಿ ಹೊಂದಿಸಿಕೊಳ್ಳುವ ನಾವು ಕಾಗದ ಹೊಂದಿಸಿಕೊಳ್ಳುವುದಿಲ್ಲ. ಕಚೇರಿ ಎಂದರೆ ಭಯ. ಆ ಭಯದ ಮೇಲೇ ಕೆಲವರು ಬದುಕುತ್ತಿದ್ದಾರೆ.

ಮಳೆ ಹಿಡಿಯುವ ಮುನ್ನ, ಅಂದರೆ ಮೇ ತಿಂಗಳಲ್ಲೇ, ಮನೆಯ ನಾಲ್ಕು ಮೂಲೆ, ಪ್ರತಿ ಗೋಡೆ, ಛಾವಣಿ, ಕೊಟ್ಟಿಗೆ, ಬಾವಿಕಟ್ಟೆಯ ಫೋಟೋ ತೆಗೆದಿಡಿ. ಮನೆಯ ಯಾರಾದರೊಬ್ಬರು ಫೋಟೋದಲ್ಲಿರಲಿ. ವಾಟ್ಸಾಪ್‌ನಲ್ಲಿ ಹರಿದಾಡಿದ ಪ್ರತಿ ಸಾಕ್ಷಿಯಾಗಿ ಅಷ್ಟು ಗಟ್ಟಿಯಲ್ಲ. ತೆಗೆದ ಫೋನಿನಲ್ಲಿ ಮೂಲ ಫೋಟೋ ಹಾಗೇ ಇರಲಿ. ಮನೆ ಕಂದಾಯದ ರಸೀದಿ, ಪಹಣಿ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ ಇವುಗಳ ಒಂದು ಕಟ್ಟು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಪರಿಹಾರದ ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ, ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆಂಬ ಖಾತ್ರಿಯಿಲ್ಲ. ಯಾವುದೋ ಹಳೆಯ ಬ್ಯಾಂಕಿಗೆ ಜೋಡಣೆಯಾಗಿ ಹಣ ಅಲ್ಲಿ ಬಿದ್ದಿರುವುದನ್ನು ಎಷ್ಟೋ ಕಕ್ಷಿದಾರರು ವರ್ಷ ಕಳೆದ ಮೇಲೆ ಕಂಡುಕೊಂಡಿದ್ದಾರೆ.

ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದೆಯೇ? ಹಾಗಿದ್ದರೆ ಬೆಳೆ ಪರಿಹಾರ ನಿಮ್ಮ ಕೈಗೆ ಬರುವುದು ಕಷ್ಟ. ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ, ಬೇಸಿಗೆಯಲ್ಲೇ ಕೊಡಿ. ಮಳೆಗಾಲದಲ್ಲಿ ಕೇಳಿದರೆ ಎಲ್ಲರೂ ಪ್ರವಾಹದ ಕೆಲಸದಲ್ಲಿದ್ದಾರೆ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಪಕ್ಕದ ತೋಟದ ಒಣಮರ ನಿಮ್ಮ ಮಾಡಿನ ಮೇಲೆ ವಾಲಿದೆ, ಅವರು ಕಡಿಯುವುದಿಲ್ಲ ಅನ್ನುತ್ತಾರೆ. ಇದಕ್ಕೆ ಕಾನೂನಿನಲ್ಲಿ ನೇರ ದಾರಿಯೇ ಇದೆ, ಆದರೆ ಬಳಸುವವರು ಕಡಿಮೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ, ಬಿದ್ದು ಜನರಿಗೆ ಗಾಯ ಮಾಡುವಂತಿರುವ ಮರವನ್ನು ತೆಗೆಸಲು ಇಲ್ಲವೇ ಊರುಗೋಲು ಕೊಡಿಸಲು ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಮಾಡಬಹುದು. ತಾಲ್ಲೂಕಿನ ಮಟ್ಟದಲ್ಲಿ ತಹಶೀಲ್ದಾರರೇ ಆ ದಂಡಾಧಿಕಾರಿ. ಫೋಟೋ ಸಮೇತ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ನೀವೇ ಕೊಡಲಿ ಹಿಡಿದು ಪಕ್ಕದವರ ಮರಕ್ಕೆ ಕೈ ಹಾಕಬೇಡಿ. ಅದು ಬೇರೆಯೇ ಕೇಸಾಗುತ್ತದೆ. ನಿಮ್ಮದೇ ಮರವಾದರೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲು ಕೇಳಿ.

ಇನ್ನು ಮನೆ ಖಾಲಿ ಮಾಡುವ ವಿಚಾರ. ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆ ಬರಬಹುದು ಎಂಬ ಸೂಚನೆ. ಕುಸಿಯುವ ಜಾಗದ ಮನೆಗಳಿಗೆ ಪಂಚಾಯಿತಿಯವರು ನೋಟಿಸ್ ಅಂಟಿಸಿ ಹೋಗುತ್ತಾರೆ. ಜನ ಅದನ್ನು ಹರಿದು ಹಾಕುತ್ತಾರೆ. ಒಮ್ಮೆ ಹೊರಗೆ ಹೋದರೆ ಜಾಗ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ. ಕಾಳಜಿ ಕೇಂದ್ರಕ್ಕೆ (ಪರಿಹಾರ ಶಿಬಿರಕ್ಕೆ) ಹೋದ ಮಾತ್ರಕ್ಕೆ ನಿಮ್ಮ ಮನೆಯ ಹಕ್ಕು ಹೋಗುವುದಿಲ್ಲ. ಬದಲಿಗೆ ಆ ನೋಟಿಸ್ ನಿಮ್ಮ ಪರವಾದ ಸಾಕ್ಷಿ. ಆ ಮನೆಯಲ್ಲಿ ನೀವೇ ವಾಸವಿದ್ದಿರಿ, ಅಪಾಯವಿತ್ತು ಎಂದು ಸರ್ಕಾರವೇ ಬರೆದುಕೊಟ್ಟ ಕಾಗದ ಅದು, ಜೋಪಾನ ಮಾಡಿ. ಸಕಾರಣವಿಲ್ಲದೆ ಅಧಿಕಾರಿಯ ಆದೇಶ ಧಿಕ್ಕರಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 51ನೇ ಕಲಮಿನಡಿ ಒಂದು ವರ್ಷದವರೆಗೆ ಸಜೆ, ಪ್ರಾಣಹಾನಿಗೆ ಕಾರಣವಾದರೆ ಎರಡು ವರ್ಷದವರೆಗೆ. ಕಾಳಜಿ ಕೇಂದ್ರದಲ್ಲಿ ಜಾತಿ ನೋಡಿ ಬೇರೆ ಕೂರಿಸಿದರೆ, ಊಟ ತಡೆದರೆ, ಅದೇ ಕಾಯ್ದೆಯ 61ನೇ ಕಲಮು ಅಂಥ ತಾರತಮ್ಯವನ್ನು ನಿಷೇಧಿಸಿದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಸಹಾಯವಾಣಿ 1077ಕ್ಕೆ ಕರೆ ಮಾಡಿ, ಕರೆ ಮಾಡಿದ ದಿನ ಮತ್ತು ಸಮಯ ಬರೆದಿಟ್ಟುಕೊಳ್ಳಿ.

ಮತ್ತೆ ಮಹಜರಿಗೇ ಬರುತ್ತೇನೆ. ಹೆಚ್ಚು ಜನ ಹೆಚ್ಚು ಹಣ ಕಳೆದುಕೊಳ್ಳುವುದು ಅಲ್ಲೇ.

ಮಳೆ ಬಿಟ್ಟ ದಿನ ಗ್ರಾಮ ಆಡಳಿತ ಅಧಿಕಾರಿ, ಕೆಲವು ಕಡೆ ಎಂಜಿನಿಯರ್ ಜೊತೆಗೆ, ಬರುತ್ತಾರೆ. ಒಂದೇ ದಿನ ಹತ್ತಾರು ಮನೆ ನೋಡಬೇಕು. ಅವರ ಕಷ್ಟ ನನಗೆ ಗೊತ್ತು, ಆದರೆ ಆ ಅವಸರದ ದಂಡವನ್ನು ನೀವೇಕೆ ತೆರಬೇಕು? ರಾಜ್ಯದಲ್ಲಿ ಮನೆ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾ ಬಂದಿದ್ದಾರೆ. ಶೇ 75ಕ್ಕಿಂತ ಹೆಚ್ಚಾದರೆ ಎ, 25ರಿಂದ 75 ಬಿ, 15ರಿಂದ 25 ಸಿ. ಬರೆಯುವವರ ಪೆನ್ನು 20ಕ್ಕೆ ನಿಂತರೆ ನೀವು ಸಿ. ಖಾಲಿ ನಮೂನೆಗೆ ಸಹಿ ತೆಗೆದುಕೊಂಡು ಶೇಕಡಾವಾರನ್ನು ಆಮೇಲೆ ಕಚೇರಿಯಲ್ಲಿ ತುಂಬುವ ಪದ್ಧತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ಶುದ್ಧ ಅನ್ಯಾಯ.

ಆದ್ದರಿಂದ ಅವರು ಬರುವವರೆಗೆ ಬಿದ್ದ ಗೋಡೆಯ ಮಣ್ಣು ಎತ್ತಬೇಡಿ. ಮನೆಯೊಳಗೆ ಮಕ್ಕಳಿದ್ದಾರೆ, ನೀರು ಸುರಿಯುತ್ತಿದೆ ಎಂದರೆ ಎತ್ತಲೇಬೇಕು. ಆಗ ಮೊದಲು ಫೋಟೋ, ವಿಡಿಯೊ, ಪಕ್ಕದ ಮನೆಯ ಇಬ್ಬರ ಸಾಕ್ಷಿ, ಆಮೇಲೆ ಟಾರ್ಪಾಲು. ಮಹಜರನ್ನು ಗಟ್ಟಿಯಾಗಿ ಓದಿಸಿ. ಹಾನಿಯ ಶೇಕಡಾವಾರು ಬರೆಯುವ ಜಾಗ ಖಾಲಿಯಿದ್ದರೆ ಸಹಿ ಬೇಡ. ತಪ್ಪು ಬರೆದಿದ್ದರೆ ಸಹಿಯ ಪಕ್ಕದಲ್ಲೇ "ಒಪ್ಪಿಗೆ ಇಲ್ಲ, ಹಿಂಬದಿ ಗೋಡೆ ಪೂರ್ತಿ ಬಿರುಕು" ಎಂದು ಬರೆಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮೊಮ್ಮಗುವಿನ ಕೈಲಿ ಬರೆಸಿ. ಬರೆದ ಹಾಳೆಯ ಫೋಟೋ ಅಲ್ಲೇ ತೆಗೆದುಕೊಳ್ಳಿ. ಫೋಟೋ ಬೇಡವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಪ್ರತಿ ಕೇಳಿ, 30 ದಿನದಲ್ಲಿ ಕೊಡಬೇಕು.

ಮಣ್ಣಿನ ಗೋಡೆಯ ಗುಣ ಮಲೆನಾಡಿನವರಿಗೆ ಗೊತ್ತು. ಮಳೆಯಲ್ಲಿ ನಿಲ್ಲುತ್ತದೆ, ನೆನೆದು ಒಳಗೇ ಮೆತ್ತಗಾಗಿ ನಾಲ್ಕೈದು ದಿನ ಬಿಟ್ಟು ಬೀಳುತ್ತದೆ. ಮೊದಲ ಮಹಜರಿನ ನಂತರ ಬಿದ್ದರೆ ಅದೇ ದಿನ ತಹಶೀಲ್ದಾರರಿಗೆ ಮರು ಮಹಜರಿಗೆ ಅರ್ಜಿ ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಸ್ವೀಕೃತಿ ಕೊಡಲು ಒಲ್ಲೆ ಎಂದರೆ ವಾದ ಬೇಡ, ಎದುರಿನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅಜ್ಜಿಯ ವಿಷಯದಲ್ಲಿ ನಾವು ಮಾಡಿದ್ದೂ ಇಷ್ಟೇ. ಆದರೆ ಅವರು ನನ್ನ ಬಳಿ ಬರುವ ಹೊತ್ತಿಗೆ ಹಾನಿಯ ಪಟ್ಟಿ ಮೇಲಕ್ಕೆ ಹೋಗಿ ಮೂರು ವಾರವಾಗಿತ್ತು. ಮರು ಮಹಜರು ನಡೆಯಲು ಆರು ತಿಂಗಳು ಹಿಡಿಯಿತು, ಆ ಆರು ತಿಂಗಳೂ ಅಜ್ಜಿ ತಂಗಿಯ ಮನೆಯ ಜಗಲಿಯಲ್ಲಿ ಮಲಗಿದರು.

ಸಿಟ್ಟಿಗೆದ್ದು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಲು ಹೊರಡುವವರಿದ್ದಾರೆ. ವಿಪತ್ತು ನಿರ್ವಹಣಾ ಕಾಯ್ದೆಯ 71ನೇ ಕಲಮು ಆ ಬಾಗಿಲು ಮುಚ್ಚಿದೆ, ಆ ಕಾಯ್ದೆಯಡಿ ನಡೆದದ್ದನ್ನು ಪ್ರಶ್ನಿಸಲು ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಮಾತ್ರ. ಇದನ್ನು ಹೇಳದೆ ಫೀಸು ತೆಗೆದುಕೊಳ್ಳುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ, ಹೇಳಲು ಬೇಸರವಾಗುತ್ತದೆ.

ಈ ಹೊತ್ತಿಗೇ ದಲ್ಲಾಳಿ ಬರುತ್ತಾನೆ. "ಸಿ ಇದ್ದದ್ದನ್ನು ಬಿ ಮಾಡಿಸ್ತೀನಿ, ಬಂದದ್ದರಲ್ಲಿ ಇಷ್ಟು ಕೊಡಿ." ಬಾಗಿಲಲ್ಲೇ ಕಳಿಸಿ. ಸುಳ್ಳು ಹಾನಿ ತೋರಿಸಿ ಹಣ ಪಡೆದರೆ ಅದೇ ವಿಪತ್ತು ನಿರ್ವಹಣಾ ಕಾಯ್ದೆಯ 52ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆಯಾಗುವುದು ಅರ್ಜಿದಾರರಿಗೆ, ದಲ್ಲಾಳಿ ಆ ಹೊತ್ತಿಗೆ ಮತ್ತೊಂದು ಊರಲ್ಲಿರುತ್ತಾನೆ. ನಿಜವಾದ ಹಾನಿಗೇ ಅಧಿಕಾರಿ ಲಂಚ ಕೇಳಿ, ಬೇರೆ ದಾರಿಯಿಲ್ಲದೆ ಕೊಟ್ಟಿದ್ದರೆ, ಏಳು ದಿನದೊಳಗೆ ಪೊಲೀಸರಿಗೆ ಅಥವಾ ಲೋಕಾಯುಕ್ತಕ್ಕೆ ದೂರು ಕೊಡಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವರೂ ಅಪರಾಧಿಗಳೇ, ಆದರೆ ಒತ್ತಾಯಕ್ಕೆ ಕೊಟ್ಟು ಏಳು ದಿನದಲ್ಲಿ ತಿಳಿಸಿದವರಿಗೆ ರಕ್ಷಣೆಯಿದೆ. ಎಂಟನೇ ದಿನ ನನ್ನ ಬಳಿ ಬಂದರೆ ನಾನು ಮಾಡಬಹುದಾದದ್ದು ಬಹಳ ಕಡಿಮೆ.

ಪೈಸಾರಿ (ಸರ್ಕಾರಿ) ಜಾಗದ ಮನೆ, ಹಕ್ಕುಪತ್ರವಿಲ್ಲದ ಮನೆಯವರಿಗೆ ಕಷ್ಟ ಇನ್ನೂ ಹೆಚ್ಚು. ಕೇಂದ್ರದ ನಿಯಮ ಅಧಿಕೃತ ಮನೆಗೆ ಮಾತ್ರ ಎನ್ನುತ್ತದೆ. ಆದರೂ ಅರ್ಜಿ ಕೊಡದೆ ಕೂರಬೇಡಿ. ರಾಜ್ಯ ಕೆಲವೊಮ್ಮೆ ಪ್ರತ್ಯೇಕ ಆದೇಶ ಹೊರಡಿಸುತ್ತದೆ, ಆಗ ಅರ್ಜಿ ಕೊಟ್ಟವರ ಹೆಸರಷ್ಟೇ ಪಟ್ಟಿಯಲ್ಲಿರುತ್ತದೆ. ತೋಟದ ಲೈನ್‌ಮನೆಯವರಿಗೆ ಮನೆಯ ಪರಿಹಾರ ಬರದಿರಬಹುದು, ಮನೆ ಮಾಲೀಕರದ್ದು. ಆದರೆ ಮನೆ ಕೊಚ್ಚಿಹೋದಾಗ, ಪೂರ್ತಿ ಬಿದ್ದಾಗ ಅಥವಾ ಎರಡು ದಿನಕ್ಕಿಂತ ಹೆಚ್ಚು ನೀರು ನಿಂತಾಗ ಬಟ್ಟೆಗೆ 2,500, ಪಾತ್ರೆಗೆ 2,500 ರೂಪಾಯಿ ಆ ಮನೆಯಲ್ಲಿ ಬದುಕುತ್ತಿದ್ದ ಸಂಸಾರದ್ದು. ಸತ್ತ ಹಸು ಅಥವಾ ಎಮ್ಮೆಗೆ 37,500. ಹೂಳುವ ಮುನ್ನ ಪಶುವೈದ್ಯರ ಪ್ರಮಾಣಪತ್ರ ಬೇಕು. ವಿಮೆ ಮಾಡಿಸಿದ ಬೆಳೆ ಹಾಳಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು.

ಚಾರಣಿಗರಿಗೆ ಹೇಳುವುದು ಬೇರೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಟಿಟಿ ಹತ್ತಿ ಶನಿವಾರ ಬೆಳಿಗ್ಗೆ ಕುಮಾರ ಪರ್ವತದ ಬುಡದಲ್ಲಿ ಇಳಿಯುವ ಮಕ್ಕಳಿಗೆ ಜಿಲ್ಲಾಧಿಕಾರಿ ಹಿಂದಿನ ದಿನವೇ ಚಾರಣ ನಿಷೇಧಿಸಿರುವುದು ಗೊತ್ತಿರುವುದಿಲ್ಲ. ಕರೆದುಕೊಂಡು ಬಂದವರಿಗೆ ಗೊತ್ತಿರುತ್ತದೆ. ಗೇಟಿನಲ್ಲಿ ತಡೆದರೆ ಯಾರೋ ಒಬ್ಬ ದುಡ್ಡು ತೆಗೆದುಕೊಂಡು ಹಿಂದಿನ ಕಾಲುದಾರಿ ತೋರಿಸುತ್ತಾನೆ. ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಪುಷ್ಪಗಿರಿ ವನ್ಯಜೀವಿಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಕಡೆ ಅನುಮತಿಯಿಲ್ಲದೆ ಕಾಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ. ಅದಕ್ಕೂ ಹೆಚ್ಚಿನ ಅಪಾಯವೊಂದಿದೆ. ಅರಣ್ಯ ವಿಹಾರ ಜಾಲತಾಣದಲ್ಲಿ ಕಾಯ್ದಿರಿಸಿದವರ ಹೆಸರು ಇಲಾಖೆಯಲ್ಲಿರುತ್ತದೆ. ಕಳ್ಳದಾರಿಯಲ್ಲಿ ಹೋದವರ ಹೆಸರು ಎಲ್ಲೂ ಇರುವುದಿಲ್ಲ. ಕುಮಾರ ಪರ್ವತದ ದಾರಿಯ ಶೇಷ ಪರ್ವತದ ಬೋಳುಗುಡ್ಡದ ಮೇಲೆ ಮಂಜು ಮುಚ್ಚಿ ಗಾಳಿ ಎದ್ದಾಗ, ನೀವು ಮೇಲಿದ್ದೀರಿ ಎಂದು ಕೆಳಗೆ ಯಾರಿಗೂ ಗೊತ್ತಿರುವುದಿಲ್ಲ. ಮನೆಯವರಿಗೆ ದಾರಿ, ಜೊತೆಗಾರರ ಹೆಸರು, ಇಳಿಯುವ ಸಮಯ ಬರೆದು ಕಳಿಸಿ. ತುರ್ತಿಗೆ 112.

ಏನಾದರೂ ಆದರೆ ನಮ್ಮ ಹೊಣೆಯಲ್ಲ ಎಂಬ ಕಾಗದಕ್ಕೆ ಸಂಘಟಕರು ಸಹಿ ಹಾಕಿಸಿಕೊಳ್ಳುತ್ತಾರೆ. ಆ ಸಹಿಯಿಂದ ಅವರ ನಿರ್ಲಕ್ಷ್ಯ ಮಾಫಿಯಾಗಿಬಿಡುವುದಿಲ್ಲ. ಎಚ್ಚರಿಕೆಯಿದ್ದರೂ ಕರೆದೊಯ್ದರೆ, ರದ್ದಾದ ಚಾರಣದ ಹಣ ಹಿಂತಿರುಗಿಸದಿದ್ದರೆ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದುಡ್ಡು ಕಟ್ಟಿದ ಸ್ಕ್ರೀನ್‌ಶಾಟ್, ಗುಂಪಿನ ಸಂದೇಶಗಳನ್ನು ಅಳಿಸಬೇಡಿ.

ಬರೆಯಲು ಕಷ್ಟವಾದರೂ ಸಾವಿನ ವಿಚಾರ ಬಿಡುವಂತಿಲ್ಲ. ಮರ ಬಿದ್ದು, ಹೊಳೆಗೆ ಸಿಕ್ಕಿ ಯಾರಾದರೂ ತೀರಿಕೊಂಡರೆ ದುಃಖದಲ್ಲಿ ಸಂಜೆಯೊಳಗೆ ಸಂಸ್ಕಾರ ಮುಗಿಸುವವರಿದ್ದಾರೆ. ಪೊಲೀಸರ ಅಸಹಜ ಸಾವಿನ ವರದಿ ಮತ್ತು ಮರಣೋತ್ತರ ಪರೀಕ್ಷೆ ಇಲ್ಲದಿದ್ದರೆ ವಿಪತ್ತು ಪರಿಹಾರ ನಿಧಿಯ 4 ಲಕ್ಷದ ಪರಿಹಾರಕ್ಕೆ ಸಾವಿನ ಕಾರಣ ತೋರಿಸುವುದು ಹೇಗೆ? ಆ ಅಸಹಜ ಸಾವಿನ ವರದಿಯ (ಯುಡಿಆರ್) ನಂಬರ್ ಬರೆದುಕೊಂಡೇ ಠಾಣೆಯಿಂದ ಹೊರಡಿ. ತುಂಡಾದ ತಂತಿ ತುಳಿದು ಸತ್ತರೆ ವಿದ್ಯುತ್ ಕಂಪನಿಯೂ ಹೊಣೆ. ಕಂಪನಿಯ ತಪ್ಪನ್ನು ಸಾಬೀತು ಮಾಡುವ ಭಾರ ಸತ್ತವರ ಮನೆಯವರ ಮೇಲಿಲ್ಲ ಎಂಬುದು ಸುಪ್ರೀಂ ಕೋರ್ಟಿನ 2002ರ ಶೈಲ್ ಕುಮಾರಿ ತೀರ್ಪಿನಿಂದ ಸ್ಪಷ್ಟ. ಕೊಚ್ಚಿಹೋದವರ ದೇಹ ಸಿಗದಿದ್ದರೆ ಸಾಮಾನ್ಯವಾಗಿ ಏಳು ವರ್ಷ ಕಾಯಬೇಕು. 2013ರ ಉತ್ತರಾಖಂಡ, 2024ರ ವಯನಾಡಿನಂಥ ದೊಡ್ಡ ದುರಂತಗಳಲ್ಲಿ ಸರ್ಕಾರಗಳು ಕಾಯಿಸದೆ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಮಾಡಿದವು. ಒಬ್ಬಂಟಿಯಾಗಿ ಕಾಣೆಯಾದವರಿಗೆ ಅಂಥ ವ್ಯವಸ್ಥೆ ತಾನಾಗಿ ಬರುವುದಿಲ್ಲ. ಮೊದಲ ದಿನವೇ ಕೊಟ್ಟ ಕಾಣೆ ದೂರಿನ ಪ್ರತಿಯೊಂದೇ ಅವರ ಮನೆಯವರ ಆಧಾರ.

ಇನ್ನೊಂದು, ಇವತ್ತೇ ಮಾಡಬಹುದಾದದ್ದು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ 20 ರೂಪಾಯಿ ಮೇ ಕೊನೆಯ ವಾರ ನಿಮ್ಮ ಖಾತೆಯಿಂದ ಕಡಿತವಾಗುತ್ತದೆ, ರಕ್ಷಣೆ ಜೂನ್ 1ರಿಂದ ಮುಂದಿನ ಮೇ 31ರವರೆಗೆ. 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ, ನೈಸರ್ಗಿಕ ವಿಕೋಪವೂ ಸೇರಿ. ಆ ವಾರ ಖಾತೆಯಲ್ಲಿ ಹಣವಿಲ್ಲದೆ ವಿಮೆ ನಿಂತುಹೋದದ್ದು ಎಷ್ಟೋ ಮನೆಯವರಿಗೆ ತಿಳಿದದ್ದು ಸಾವಿನ ನಂತರ, ನನ್ನ ಮೇಜಿನ ಎದುರು ಪಾಸ್‌ಬುಕ್ ಬಿಚ್ಚಿದಾಗ. ಬ್ಯಾಂಕಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಆ 20 ರೂಪಾಯಿ ಕಡಿತವಾಗಿದೆಯೇ ಎಂದು ನೋಡಿಕೊಳ್ಳಿ.